ಮೂರನೇ ಜ್ವರದ ಮುಹೂರ್ತ

ಕಂಪ್ಯೂಟರ್ ಬದಲಾಯಿಸುವುದಕ್ಕೂ ಮುಹೂರ್ತ ನೋಡುತ್ತಾರೆಯೇ ಎಂದು ನಮ್ಮ ಮನೆಯವರು ನಗಾಡಿದರು. ನೋಡುತ್ತಾರೆ. ರೇಷ್ಮೆ ಹುಳು ಸಾಕುವವರು ನೋಡಲೇಬೇಕು. ಹುಳು ಹಗಲೂ ರಾತ್ರಿ ಮೇಯುತ್ತಲೇ ಇರುತ್ತದೆ. ಅದಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ. ಬಿಸಿ ಸ್ವಲ್ಪ ಏರಿದರೂ ಮುನಿಸು, ತೇವ ಸ್ವಲ್ಪ ಇಳಿದರೂ ಮುನಿಸು. ಅದು ಮೇಯುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುವುದು ಹುಟ್ಟಿದಾಗಿನಿಂದ ಗೂಡು ಕಟ್ಟುವತನಕ ನಾಲ್ಕೇ ಸಲ, ಹಳೆಯ ಚರ್ಮ ಕಳಚುವಾಗ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಕಾಯಿಲೆಯ ಜ್ವರ ಅಲ್ಲ ಇದು. ಹುಳು ಜ್ವರಕ್ಕೆ ಕೂತಿತೆಂದರೆ ಸೊಪ್ಪು ಹಾಕಬಾರದು, ತಟ್ಟೆ ಅಲ್ಲಾಡಿಸಬಾರದು, ಸುಣ್ಣದ ಪುಡಿ ಉದುರಿಸಿ ಸುಮ್ಮನೆ ಹೊರಗೆ ಬಂದುಬಿಡಬೇಕು. ಒಂದು ದಿನ ಮನೆಯೆಲ್ಲ ಗಪ್‌ಚಿಪ್. ಎದ್ದಮೇಲೆ ಮಾತ್ರ ಮೊದಲು ಸೊಪ್ಪು, ಮಿಕ್ಕ ಮಾತೆಲ್ಲ ಆಮೇಲೆ. ಇದು ನಮ್ಮ ಕೆಲಸದ ಮೊದಲ ಪಾಠ. ಕಂಪ್ಯೂಟರ್ ಬದಲಾಯಿಸುವುದಕ್ಕೆ ಆ ಒಂದು ದಿನಕ್ಕಿಂತ ಒಳ್ಳೆಯ ಗಳಿಗೆ ಎಲ್ಲಿದೆ, ನೀವೇ ಹೇಳಿ.

ನನ್ನ ಹೆಸರು ಸಿಂಚನ. ನಾನು ಹುಟ್ಟಿದ ಕಾಲದಲ್ಲಿ ಬೀದಿಗೊಬ್ಬಳು ಸಿಂಚನ ಇದ್ದಳು; ಈಗಿನ ಮಕ್ಕಳು ಇದನ್ನು ಅಜ್ಜಿಯರ ಹೆಸರು ಎನ್ನುತ್ತವೆ. ಎನ್ನಲಿ. ಮಾಗಡಿ ಕಡೆಯ ಬಿದಿರುಗುಂಟೆಯಲ್ಲಿ ಹಳದಿ ತಳಿ ಕೇಂದ್ರವಿದೆ. ಅಲ್ಲಿ ಯಂತ್ರಗಳ ಉಸ್ತುವಾರಿ ನನ್ನದು, ಹುಳುಗಳ ಉಸ್ತುವಾರಿ ಡಾಕ್ಟರ್ ಶಾಹೀನ ಅವರದು. ಹಸಿರು ಬೆರೆತ ಹಳದಿ ಗೂಡು ಕಟ್ಟುವ ನಮ್ಮ ನಾಡಿನ ಹಳೆಯ ಹುಳು ಈಗ ಉಳಿದಿರುವುದು ನಮ್ಮ ಕೇಂದ್ರದಲ್ಲಿ ಮಾತ್ರ. ಬೇರೆ ತಳಿಗಳ ಮೊಟ್ಟೆಯನ್ನು ತಣ್ಣಗಿಟ್ಟು ತಿಂಗಳುಗಟ್ಟಲೆ ಕಾಪಾಡಬಹುದು. ಇದರ ಮೊಟ್ಟೆ ಹಾಗಲ್ಲ, ಬಲು ಅವಸರದ್ದು, ಇಟ್ಟ ಕೆಲವೇ ದಿನಕ್ಕೆ ಒಡೆದು ಮರಿಯಾಗುತ್ತದೆ. ಅಂದರೆ ಒಂದು ಪೀಳಿಗೆ ಕೈತಪ್ಪಿದರೆ ತಳಿಯೇ ಹೋದಂತೆ. ಅದಕ್ಕೇ ಕೇಂದ್ರದಲ್ಲಿ ನಾವೆಲ್ಲ ಸದಾ ಸ್ವಲ್ಪ ಹೆದರಿಕೊಂಡೇ ಇರುತ್ತೇವೆ.

ಉಳಿದ ಕಡೆ ಯಾಕೆ ಹೋಯಿತು ಎಂದರೆ, ಗಂಟುರೋಗ. ಆ ರೋಗ ಕಣ್ಣಿಗೆ ಕಾಣುವ ಹೊತ್ತಿಗೆ ಊರಿಗೆಲ್ಲ ಹರಡಿರುತ್ತದೆ. ಆದರೆ ರೋಗ ತಗಲಿದ ಹುಳು ಸೊಪ್ಪು ಮೇಯುವ ಸದ್ದು ಬೇರೆಯಾಗುತ್ತದೆ ಎಂದು ಯಾರೋ ಪುಣ್ಯಾತ್ಮರು ಕಂಡುಹಿಡಿದರು. ಸೂಕ್ಷ್ಮದರ್ಶಕದಲ್ಲಿ ಕಾಣುವ ಮೊದಲೇ ಅದು ಕಿವಿಗೆ ಕೇಳುತ್ತದೆ. ಮನುಷ್ಯನ ಕಿವಿಗಲ್ಲ, ಯಂತ್ರದ ಕಿವಿಗೆ. ಆಗಿನಿಂದ ಪ್ರತಿ ತಟ್ಟೆಯ ಕೆಳಗೂ ಕಡಲೆಕಾಳಿನಷ್ಟು ದೊಡ್ಡ ಮೈಕುಗಳು ಬಂದವು, ಅವುಗಳನ್ನು ಆಲಿಸಲು ಒಂದು ಕಂಪ್ಯೂಟರ್ ಬಂತು. ನಾವು ಅದನ್ನು ಕಿವಿಯಪ್ಪ ಎಂದು ಕರೆಯುತ್ತಿದ್ದೆವು. ಜೊತೆಗೊಂದು ಕಾಯ್ದೆಯೂ ಬಂತು. ಯಂತ್ರಕ್ಕೆ ರೋಗದ ಶಂಕೆ ಬಂದರೆ ಅದೇ ಹುಳುಮನೆಯ ಬಾಗಿಲು ಹಾಕಿ ಬಿಸಿಗಾಳಿ ಬಿಡುತ್ತದೆ, ಒಳಗಿನದೆಲ್ಲ ಮುಗಿಯುತ್ತದೆ. ತಡೆಯಬೇಕೆಂದರೆ ಪರವಾನಗಿ ಇರುವ ಒಬ್ಬರು ಅದರ ಎದುರು ಕೂತು, ಅದು ಕೇಳಿದಾಗಲೆಲ್ಲ 'ಇದ್ದೇನೆ' ಎಂಬ ಗುಂಡಿ ಒತ್ತುತ್ತಿರಬೇಕು. ಬಲು ಕ್ರೂರ ಕಾಯ್ದೆ ಎನಿಸಬಹುದು. ಆದರೆ ಆ ಕೆಟ್ಟ ವರ್ಷಗಳಲ್ಲಿ ಜನ ರೋಗದ ಹುಳುವನ್ನು ಪ್ರೀತಿಯಿಂದಲೇ ಮುಚ್ಚಿಟ್ಟಿದ್ದರು. ಪ್ರೀತಿಯ ಮೇಲೆ ಸರ್ಕಾರಕ್ಕೆ ನಂಬಿಕೆ ಹೋಗಿತ್ತು.

ಕಿವಿಯಪ್ಪನಿಗೆ ವಯಸ್ಸಾಗಿತ್ತು. ಅವನೊಳಗಿನ ಆಪರೇಟಿಂಗ್ ಸಿಸ್ಟಂ ಮಾಡಿದ ಕಂಪನಿಯವರು, ಈ ದೀಪಾವಳಿ ಕಳೆದರೆ ಅದಕ್ಕೆ ನಮ್ಮ ಬೆಂಬಲವಿಲ್ಲ, ತೂತು ಬಿದ್ದರೂ ತೇಪೆ ಹಾಕುವುದಿಲ್ಲ ಎಂದು ತಿಳಿಸಿಬಿಟ್ಟರು. ಇರುವುದರಲ್ಲೇ ಹೇಗೋ ತಳ್ಳೋಣ ಎನ್ನುವಂತಿರಲಿಲ್ಲ. ಹೀಗೇ ಬೆಂಬಲ ತಪ್ಪಿದ ಯಂತ್ರವೊಂದರೊಳಗೆ ಯಾರೋ ಕಿಡಿಗೇಡಿಗಳು ನುಗ್ಗಿ, ಆರೋಗ್ಯವಾಗಿದ್ದ ಹುಳುಗಳ ಮೇಲೆ ಬಿಸಿಗಾಳಿ ಬಿಟ್ಟು ಕೇಕೆ ಹಾಕಿದ್ದರು. ಕೊಲ್ಲುವ ಅಧಿಕಾರ ಇರುವ ಯಂತ್ರಕ್ಕೆ ಬಾಗಿಲು ಭದ್ರವಾಗಿರಬೇಕು. ಹಾಗಾಗಿ ಬದಲಾವಣೆ ಬೇಕೇ ಬೇಕಿತ್ತು, ಅದರಲ್ಲಿ ನನಗೆ ತಕರಾರಿರಲಿಲ್ಲ.

ತಕರಾರಿದ್ದದ್ದು ಒಂದೇ ವಿಷಯಕ್ಕೆ. ಕಿವಿಯಪ್ಪ ಇಷ್ಟು ವರ್ಷ ಕಲಿತದ್ದನ್ನು ಹೊಸ ಯಂತ್ರಕ್ಕೆ ವರ್ಗಾಯಿಸಲು ಬರುವುದಿಲ್ಲವಂತೆ. ಅವನ ಭಾಷೆ ಇದಕ್ಕೆ ತಿಳಿಯದು. ಹೊಸದು ತಾನೇ ಕಲಿಯುತ್ತದೆ: ಜೋಡಿಸಿದ ಮೇಲೆ ಮೊದಲ ದಿನ ಸುಮ್ಮನೆ ಕೂತು ಕೇಳಿಸಿಕೊಳ್ಳುತ್ತದೆ, ಈ ಮನೆ ಚೆನ್ನಾಗಿರುವಾಗ ಹೇಗಿರುತ್ತದೆ ಎಂದು ಮನಸ್ಸಿಗೆ ತಂದುಕೊಳ್ಳುತ್ತದೆ. ಆಮೇಲೆ ಎಲ್ಲವನ್ನೂ ಅದಕ್ಕೆ ಹೋಲಿಸಿ ಅಳೆಯುತ್ತದೆ. 'ಯಾವ ಗಲಾಟೆಯೂ ಇಲ್ಲದ, ಎಲ್ಲವೂ ನೆಮ್ಮದಿಯಾಗಿರುವ ವೇಳೆಯನ್ನು ಆರಿಸಿಕೊಳ್ಳಿ' ಎಂದು ಕಂಪನಿಯವರ ಸೂಚನೆ ಇತ್ತು.

"ಹಾಗಿದ್ರೆ ಮೂರನೇ ಜ್ವರ," ಎಂದೆ ನಾನು.

"ಮೂರನೇ ಜ್ವರವೇ ಸರಿ," ಎಂದರು ಶಾಹೀನ ಮೇಡಂ.

ಇಬ್ಬರಿಗೂ ನಮ್ಮ ಜಾಣತನದ ಮೇಲೆ ಎಷ್ಟು ಖುಷಿಯಾಯಿತೆಂದರೆ, ಆ ದಿನ ಮೇಡಂ ಟೀ ತರಿಸಿ ಬನ್ ಕೂಡ ತಿನ್ನಿಸಿದರು.

ಆ ದಿನಗಳಲ್ಲಿ ನಮ್ಮ ಮನೆಯಲ್ಲೂ ನೆಮ್ಮದಿಯಿದೆ ಎಂದೇ ನಾನು ತಿಳಿದಿದ್ದೆ. ಮಗಳು ಪೂರ್ವಿ ಗಂಡನ ಮನೆ ಬಿಟ್ಟು ಬಂದು ಕೆಲವು ತಿಂಗಳಾಗಿತ್ತು. ಯಾಕೆ ಬಂದೆ ಎಂದು ನಾವು ಕೆದಕಲಿಲ್ಲ, ಅವಳೂ ಬಾಯಿ ಬಿಡಲಿಲ್ಲ. ಮದುವೆಗೆ ಮುಂಚೆ ನಮ್ಮ ಕೇಂದ್ರದಲ್ಲೇ ಕೆಲಸ ಮಾಡುತ್ತಿದ್ದವಳು, ಮಾತಿನ ಮಲ್ಲಿ ಎಂದು ಹೆಸರಾದವಳು, ಈಗ ಕೊಟ್ಟದ್ದು ಉಂಡು, ತಟ್ಟೆ ತೊಳೆದಿಟ್ಟು, ಕಿಟಕಿಯ ಹತ್ತಿರ ಕೂರುತ್ತಿದ್ದಳು. ಏನು ಕೇಳಿದರೂ "ಹೂಂ", ಇಲ್ಲದಿದ್ದರೆ "ಏನೂ ಬೇಡ". ನಾವೂ ಟೀವಿಯ ದನಿ ತಗ್ಗಿಸಿ, ಕುಕ್ಕರ್ ಕೂಗುವ ಮೊದಲೇ ಇಳಿಸಿ, ಬೆಕ್ಕಿನ ಹಾಗೆ ಓಡಾಡುತ್ತಿದ್ದೆವು.

"ಪರ್ವಾಗಿಲ್ಲ ಕಣೇ, ಮಗು ಸಮಾಧಾನವಾಗೈತೆ," ಎನ್ನುತ್ತಿದ್ದರು ನಮ್ಮ ಮನೆಯವರು ಲೋಕೇಶ. ಅವರದು ತೋಟಗಳಿಂದ ಕೇಂದ್ರಕ್ಕೆ ಹಿಪ್ಪುನೇರಳೆ ಸೊಪ್ಪು ಸಾಗಿಸುವ ಗಾಡಿ.

"ಹೌದು, ಅಳುವುದೂ ನಿಂತಿದೆ," ಎಂದು ನಾನೂ ತಲೆಯಾಡಿಸುತ್ತಿದ್ದೆ. ಅಳು ನಿಂತದ್ದನ್ನು ಒಳ್ಳೆಯ ಲಕ್ಷಣ ಎಂದು ಯಾರು ಹೇಳಿದರೋ ನನಗೆ.

ಹುಳುಗಳು ಮೂರನೇ ಜ್ವರಕ್ಕೆ ಕೂತವು. ಕೆಲಸದ ಚಿಕ್ಕತಾಯಿ ಸುಣ್ಣದ ಪುಡಿ ಉದುರಿಸಿ ಬಾಗಿಲು ಮುಂದೆ ಮಾಡಿದಳು. ಪುಡಿ ಹೊಸ ಯಂತ್ರದೊಳಗೆ ಹೋದೀತೆಂದು ನಾನು ಅದಕ್ಕೆ ನನ್ನ ಹಳೆಯ ಕಾಟನ್ ಸೀರೆ ಹೊದಿಸಿದೆ. ಕಿವಿಯಪ್ಪನ ದೀಪ ಆರಿತು. ಚಿಕ್ಕತಾಯಿ ಅವನಿಗೆ ಕೈಮುಗಿದು, "ಹೋಗ್ಬಾರಪ್ಪ, ಚೆನ್ನಾಗಿ ನೋಡ್ಕಂಡೆ," ಎಂದಳು. ಸುಳ್ಳು ಯಾಕೆ ಹೇಳಲಿ, ಒಂದು ತಗಡಿನ ಡಬ್ಬಕ್ಕೆ ನಾನು ಅತ್ತೆ. ಹೊಸದನ್ನು ಚಾಲೂ ಮಾಡಿದೆವು. ಅದು ಆ ದಿನ ಪೂರ್ತಿ ಆಲಿಸಿತು. ಮರುದಿನ ಬೆಳಿಗ್ಗೆ ಪರದೆಯ ಮೇಲೆ ಹಸಿರು ಅಕ್ಷರ ಬಂತು: 'ಈ ಮನೆಯ ಆರೋಗ್ಯವನ್ನು ಕಲಿತಿದ್ದೇನೆ.' ಮೇಡಂ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನದ ಹೊತ್ತಿಗೆ ಹುಳುಗಳು ಜ್ವರದಿಂದ ಎದ್ದವು. ಬಂಗಾರದಂಥ ಹುಳು, ಒಂದೂ ಹಿಂದುಳಿದಿರಲಿಲ್ಲ. ಚಿಕ್ಕತಾಯಿ ಎಳೆಯ ಸೊಪ್ಪು ತಂದು ಹರಡಿದಳು. ಹಸಿದಿದ್ದವಲ್ಲ, ಎಲ್ಲವೂ ಒಟ್ಟಿಗೇ ಬಾಯಿ ಹಾಕಿದವು. ಇನ್ನೂ ಚಿಕ್ಕ ಹುಳು, ನಮ್ಮ ಕಿವಿಗೆ ಆ ಸದ್ದು ಅಷ್ಟಾಗಿ ಕೇಳುವುದಿಲ್ಲ. ಯಂತ್ರಕ್ಕೆ ಕೇಳಿತು.

ಹುಳುಮನೆಯ ಬಾಗಿಲು ತಾನಾಗಿ ಬಿಗಿಯತೊಡಗಿತು. ಚಿಕ್ಕತಾಯಿ ಒಳಗಿನಿಂದ ಕಷ್ಟಪಟ್ಟು ಹೊರಗೆ ನುಸುಳಿ ಬಂದು, "ಅಯ್ಯೋ ಸಿವನೇ, ಏನ್ ಬಂತಕ್ಕಾ ಇದಕ್ಕೆ!" ಎಂದು ಕೂಗಿದಳು. ಪರದೆ ಕೆಂಪಾಗಿತ್ತು: 'ಅಸಹಜ ಸದ್ದು. ಎಲ್ಲ ತಟ್ಟೆಗಳಲ್ಲೂ ರೋಗದ ಶಂಕೆ. ಬಿಸಿಗಾಳಿ ಸಿದ್ಧ. ಯಾರಾದರೂ ಇದ್ದೀರಾ?'

ನಾನು ಓಡಿಹೋಗಿ 'ಇದ್ದೇನೆ' ಒತ್ತಿದೆ. ಕೆಂಪು ಹೋಗಲಿಲ್ಲ. ಬಾಗಿಲಿನ ಬಿಗಿ ಮಾತ್ರ ಸಡಿಲವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿತು, ಮತ್ತೆ ಒತ್ತಿದೆ.

ಶಾಹೀನ ಮೇಡಂ ಪ್ರತಿ ಸಾಲಿನಿಂದ ಹುಳು ಆರಿಸಿ ಪ್ರಯೋಗಾಲಯಕ್ಕೆ ಹೋದರು. ಅವರು ಹುಳುವನ್ನು ಎಷ್ಟು ಪ್ರೀತಿಸುತ್ತಾರೋ ಅಷ್ಟೇ ಅನುಮಾನಿಸುತ್ತಾರೆ. ನಿಜಕ್ಕೂ ರೋಗ ಕಂಡರೆ ಗುಂಡಿಯಿಂದ ನನ್ನ ಕೈ ಎತ್ತಿಸುವವರು ಅವರೇ. ನಾನು ಒತ್ತುತ್ತಾ ಕೂತೆ. ಅವರು ವಾಪಸ್ಸು ಬಂದಾಗ ಮುಖ ನೋಡಲು ಧೈರ್ಯ ಬರಲಿಲ್ಲ.

"ಶುದ್ಧವಾಗಿವೆ ಸಿಂಚನಾ. ಒಂದರಲ್ಲೂ ಗಂಟುರೋಗದ ಗುರುತಿಲ್ಲ."

"ಮತ್ತೆ ಯಾಕೆ ಮೇಡಂ ಇದು ಹೀಗೆ ಬಡಕೊಳ್ತಿದೆ?"

ಅವರು ಪರದೆಯನ್ನೇ ನೋಡುತ್ತಾ ನಿಂತರು. ನಾನೂ ನೋಡಿದೆ. ಯಂತ್ರ ಎರಡು ಗೆರೆ ಎಳೆದು ತೋರಿಸಿತ್ತು. ಮೇಲಿನದು ಈಗಿನ ಸದ್ದು, ಉಬ್ಬುತಗ್ಗಾಗಿ ಕುಣಿಯುತ್ತಿತ್ತು. ಕೆಳಗಿನದು ಅದು ಆರೋಗ್ಯ ಎಂದು ಕಲಿತಿದ್ದು. ಅದು ಚಪ್ಪಟೆ ಗೆರೆ. ಒಂದು ಬಿಂದುವೂ ಏರಿಲ್ಲ, ಇಳಿದಿಲ್ಲ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನಾವು ಹುಡುಕಿ ಹುಡುಕಿ ಮುಹೂರ್ತ ಇಟ್ಟದ್ದು ಜ್ವರದ ದಿನಕ್ಕೆ. ಪಾಪ, ಅದಕ್ಕೇನು ಗೊತ್ತು? ಹುಟ್ಟಿದ ದಿನ ಅದು ಕೇಳಿದ್ದೇ ಮೌನ. ಸುಮ್ಮನಿದ್ದರೆ ಸರಿಯಾಗಿವೆ ಎಂದು ತಿಳಿದುಕೊಂಡಿತು. ಮೇಯುವ ಸದ್ದೇ ಅದಕ್ಕೆ ಕಾಯಿಲೆ.

"ಅಲ್ಲಾ! ನಮ್ಮ ಬುದ್ಧಿಗಿಷ್ಟು," ಎಂದು ಮೇಡಂ ಹಣೆ ಹಿಡಿದುಕೊಂಡರು. "ಈಗ್ಲೇ ಮತ್ತೆ ಮೊದಲಿಂದ ಕಲಿಸೋಣ. ಈ ಸದ್ದೇ ಆರೋಗ್ಯ ಅಂತ."

"ಕಲಿಸಿದ್ರೆ ನಾಲ್ಕನೇ ಜ್ವರ ಬರುತ್ತಲ್ಲ ಮೇಡಂ. ಆಗ ಮೌನ ಕೇಳಿ, ಎಲ್ಲ ಸತ್ತವು ಅಂತ ಬಿಸಿಗಾಳಿ ಬಿಡುತ್ತೆ."

ಸೊಪ್ಪು ತೆಗೆದುಬಿಟ್ಟರೆ ಸದ್ದು ನಿಲ್ಲುತ್ತಿತ್ತು, ಪರದೆಯೂ ಹಸಿರಾಗುತ್ತಿತ್ತು. ಹುಳು ಮಾತ್ರ ಹಸಿವಿಗೆ ಸಾಯುತ್ತಿತ್ತು. ಕಿವಿಯಪ್ಪನನ್ನು ವಾಪಸ್ಸು ಕೂರಿಸುವಂತಿರಲಿಲ್ಲ, ದೀಪಾವಳಿ ಕಳೆದು ಕಂಪನಿಯವರ ಬೆಂಬಲ ನಿಂತಿತ್ತು. ಮೇಡಂ ಕಂಡ ಫಲಿತಾಂಶ ಕಾಯ್ದೆಗೆ ಸಾಲದು, ಏಕೆಂದರೆ ಕಣ್ಣಿಗಿಂತ ಕಿವಿ ಮುಂದು ಎನ್ನುವುದೇ ಆ ಕಾಯ್ದೆಯ ಬುಡ. ಉಳಿದ ದಾರಿ ಒಂದೇ. ಯಂತ್ರದ ಎದುರು ಯಾರಾದರೂ ಸದಾ ಕೂತು, ಅದು ಕೇಳಿದಾಗೆಲ್ಲ ಗುಂಡಿ ಒತ್ತಿ, ಇದು ಮೇವು, ಇದು ಜ್ವರ, ಇದು ಏಳುವುದು ಎಂದು ಹೇಳಿಕೊಡಬೇಕು. ಮುಂದಿನ ಜ್ವರ ಬಂದು, ಹುಳು ಎದ್ದು, ಒಂದು ಸುತ್ತು ಪೂರ್ತಿಯಾಗುವತನಕ. ಕೇಂದ್ರದಲ್ಲಿದ್ದವರ ಪೈಕಿ ಪರವಾನಗಿ ಇದ್ದದ್ದು ನಮ್ಮಿಬ್ಬರಿಗೆ. ಅದು ಎಷ್ಟು ಹೊತ್ತಿಗೆ ಕೇಳುತ್ತದೋ ಹೇಳಲು ಬರುತ್ತಿರಲಿಲ್ಲ. ಟೀ ಕುಡಿಯಲು ಲೋಟ ಎತ್ತಿದರೆ ಕೇಳುತ್ತಿತ್ತು, ಬಚ್ಚಲಿಗೆ ಹೊರಟರೆ ಕೇಳುತ್ತಿತ್ತು. ಮೇಡಂಗೆ ಹುಳುವಿನ ಕೆಲಸವೂ ಇತ್ತು, ಹೀಗಾಗಿ ಕುರ್ಚಿ ಹೆಚ್ಚಾಗಿ ನನ್ನ ಪಾಲಿಗೇ ಬಂತು. ಮನೆಗೆ ಹೋಗಲಿಲ್ಲ. ಊಟ ಡಬ್ಬಿಯಲ್ಲಿ ಬರುತ್ತಿತ್ತು.

ಒಂದು ಮಧ್ಯಾಹ್ನ ಮೇಡಂ ಪ್ರಯೋಗಾಲಯಕ್ಕೆ ಹೋಗಿದ್ದರು. ಬಿಸಿಲು ಕಿಟಕಿಯಿಂದ ಮೊಣಕಾಲಿನ ಮೇಲೆ ಬಿದ್ದಿತ್ತು. ನಾನು ಕಣ್ಣು ಮುಚ್ಚಿದ್ದು ಅಷ್ಟೇ ನೆನಪು.

"ಅಮ್ಮಾ! ನಿದ್ದೆ ಮಾಡ್ತಿದೀಯಾ? ಎದ್ದೇಳೇ!"

ಧಡಕ್ಕನೆ ಎಚ್ಚರಾಯಿತು. ಪರದೆ ಕೆಂಪಗೆ ಮಿನುಗುತ್ತಿತ್ತು, ಬಿಸಿಗಾಳಿಯ ಫ್ಯಾನು ತಿರುಗಲು ಶುರುವಾದ ಸದ್ದು. ಪೂರ್ವಿ ಊಟದ ಡಬ್ಬಿಯನ್ನು ನೆಲಕ್ಕೆ ಬಿಟ್ಟು, ನನ್ನ ಹೆಗಲ ಮೇಲಿಂದ ಕೈ ಚಾಚಿ ಗುಂಡಿ ಒತ್ತಿ ಹಿಡಿದಿದ್ದಳು. ಅವಳ ಹೆಬ್ಬೆಟ್ಟನ್ನು ಯಂತ್ರ ಪರವಾನಗಿಯ ಪಟ್ಟಿಯಲ್ಲಿ ಗುರುತಿಸಿತು: 'ಪೂರ್ವಿ. ಪರವಾನಗಿ ಚಾಲ್ತಿಯಲ್ಲಿದೆ. ಇದ್ದೀರಿ.' ಫ್ಯಾನು ನಿಂತಿತು. ಸಾರು ನನ್ನ ಕಾಲಿನ ಸುತ್ತ ಹರಿಯುತ್ತಿತ್ತು.

"ಒಂದು ಗಳಿಗೆ ತಡವಾಗಿದ್ರೆ ಎಲ್ಲ ಸುಟ್ಟು ಕರಕಲು! ಯಾಕಮ್ಮ ನನ್ನ ಕರೀಲಿಲ್ಲ? ನನ್ನ ಪರವಾನಗಿ ಏನು ಸತ್ತುಹೋಗಿದ್ಯಾ? ನಾನೇನು ಸತ್ತುಹೋಗಿದೀನಾ?"

ಅಷ್ಟು ಜೋರು ದನಿ! ನನಗೆ ಹುಳುವಿನ ಗಾಬರಿಗಿಂತ ಇವಳ ಗಾಬರಿ ಹೆಚ್ಚಾಯಿತು. "ಮೆಲ್ಲಗೆ, ಮೆಲ್ಲಗೆ ಕಣೇ. ಏನಾಯ್ತು ನಿಂಗೆ? ಹುಷಾರಾಗಿದೀಯ ತಾನೇ?" ಎಂದು ಅವಳ ಹಣೆ ಮುಟ್ಟಲು ಹೋದೆ.

ಅವಳು ನನ್ನ ಕೈ ಸರಿಸಿದಳು. ಕಣ್ಣಲ್ಲಿ ನೀರು. "ನೋಡು, ನೋಡು. ಅವರ ಮನೆಯಲ್ಲೂ ಹಿಂಗೇ. ನಾನು ನಕ್ಕರೆ ಏನಾಯ್ತು ಇವಳಿಗೆ, ಮಾತಾಡಿದ್ರೆ ಏನಾಯ್ತು ಇವಳಿಗೆ. ಸುಮ್ನೆ ಮೂಲೇಲಿ ಕೂತ್ರೆ, ನಮ್ಮ ಸೊಸೆ ಚಿನ್ನ ಅಂತಿದ್ರು. ಉಸಿರು ಕಟ್ಟಿ ಓಡಿ ಬಂದೆ. ಇಲ್ಲಿ ನೀವೂ ಟೀವಿ ಸಣ್ಣಗೆ ಮಾಡ್ಕೊಂಡು, ಮಗು ಸಮಾಧಾನವಾಗಿದೆ ಅಂದ್ಕೊಂಡ್ರಿ."

ಅಷ್ಟರಲ್ಲಿ ಯಂತ್ರ ಮತ್ತೆ ಕೇಳಿತು: 'ಅಸಹಜ ಸದ್ದು. ಯಾರಾದರೂ ಇದ್ದೀರಾ?' ಅವಳು ಕಣ್ಣೊರೆಸಿಕೊಂಡು ಒತ್ತಿದಳು. ನಾನು ಅಲ್ಲೇ ಕೂತು ಬಿಕ್ಕಿದೆ. ಯಂತ್ರದ ಮೇಲೆ ಎಷ್ಟು ಕೂಗಾಡಿದ್ದೆ ನಾನು, ಮೌನವನ್ನು ಆರೋಗ್ಯ ಅಂದುಕೊಂಡ ಪೆದ್ದು ಎಂದು! ನನ್ನ ಮನೆಯಲ್ಲಿ ನಾನು ಮಾಡಿದ್ದು ಏನು?

"ಕುರ್ಚಿ ಬಿಡು, ನೀನು ಹೋಗಿ ಮಲಗು," ಎಂದಳು ಪೂರ್ವಿ. "ಇದಕ್ಕೆ ನಾನು ಹೇಳಿಕೊಡ್ತೀನಿ."

ಆಮೇಲೆ ಮೂವರೂ ಸರದಿಯ ಮೇಲೆ ಕೂತೆವು. ಮೇಡಂ ಚುಟುಕಾಗಿ ಹೇಳಿಕೊಡುತ್ತಿದ್ದರು, ನಾನು ಬೈದುಕೊಂಡು ಹೇಳಿಕೊಡುತ್ತಿದ್ದೆ, ಪೂರ್ವಿ ಮಾತ್ರ ಅದರ ಜೊತೆ ಹರಟುತ್ತಿದ್ದಳು. "ಇದು ಮೇವು ಕಣೋ. ಹೊಟ್ಟೆ ತುಂಬಾ ತಿಂತಿವೆ. ಹೆದರ್ಕೋಬೇಡ, ಸದ್ದು ಮಾಡಿದ್ರೆ ತಪ್ಪಲ್ಲ," ಎಂದು ಗುಂಡಿ ಒತ್ತುವಳು. ಒಳಗೆ ಸೊಪ್ಪು ಸುರಿಯುತ್ತಿದ್ದ ಚಿಕ್ಕತಾಯಿ ಕಿಸಕ್ಕನೆ ನಗುವಳು. ಕೆಂಪು ದಿನದಿಂದ ದಿನಕ್ಕೆ ಅರಿಶಿನ ಬಣ್ಣಕ್ಕೆ ತಿರುಗಿತು. ಯಂತ್ರ ಕೇಳುವುದೂ ಅಪರೂಪವಾಯಿತು.

ನಾಲ್ಕನೇ ಜ್ವರ ಬಂತು. ಹುಳುಗಳು ತಲೆ ಎತ್ತಿ ಕೂತವು. ಪರದೆಯ ಮೇಲೆ ಗೆರೆ ಚಪ್ಪಟೆಯಾಯಿತು. ನಾವು ಮೂವರೂ ಪರದೆಯ ಮುಂದೆ ನಿಂತಿದ್ದೆವು. ಬಹಳ ಹೊತ್ತಿನ ಮೇಲೆ ಯಂತ್ರ ಕೇಳಿತು: 'ಸದ್ದಿಲ್ಲ. ಇದು ಆರೋಗ್ಯವೇ?'

ಹೌದು ಎಂದು ಹೇಳಲು ನನ್ನ ಬೆರಳು ಮುಂದಾಯಿತು. ಪೂರ್ವಿ ಹಿಡಿದಳು.

"ಹೌದು ಅಂದ್ರೂ ತಪ್ಪು, ಅಲ್ಲ ಅಂದ್ರೂ ತಪ್ಪು," ಎಂದು ಅವಳು ತಾನೇ ಬರೆದಳು: 'ಇನ್ನೂ ಗೊತ್ತಿಲ್ಲ. ಜ್ವರಕ್ಕೆ ಕೂತಿವೆ. ಏಳುವತನಕ ಕಾಯಬೇಕು. ಬಿಟ್ಟು ಹೋಗಬಾರದು.'

ಅರಿಶಿನ ಬಣ್ಣ ಹಾಗೇ ನಿಂತಿತು. 'ಕಾಯುತ್ತೇನೆ' ಎಂದಿತು ಯಂತ್ರ.

ಮರುದಿನ ಹೊತ್ತೇರಿದ ಮೇಲೆ ಹುಳುಗಳು ಎದ್ದವು. ಈಗ ಬೆರಳಿನಷ್ಟು ದೊಡ್ಡವು, ಇನ್ನು ಗೂಡು ಕಟ್ಟುವತನಕ ಎಡೆಬಿಡದೆ ಮೇಯುವುದೊಂದೇ ಕೆಲಸ. ಚಿಕ್ಕತಾಯಿ ಸೊಪ್ಪು ಹಾಕಿದಳು. ಮೊದಲು ಒಂದು ತಟ್ಟೆ, ಆಮೇಲೆ ಪಕ್ಕದ್ದು, ನೋಡನೋಡುತ್ತಿದ್ದಂತೆ ಇಡೀ ಮನೆಯಲ್ಲಿ ತಗಡಿನ ಮೇಲೆ ತುಂತುರು ಬಿದ್ದಂಥ ಸದ್ದು. ಈ ಸಲ ನಮ್ಮ ಕಿವಿಗೂ ಚೆನ್ನಾಗಿ ಕೇಳಿತು. ಗುಂಡಿಯ ಹತ್ತಿರ ಕೈ ಇಟ್ಟುಕೊಂಡು ಕಾದೆವು. ಯಂತ್ರ ನಮ್ಮನ್ನು ಏನೂ ಕೇಳಲಿಲ್ಲ. ಪರದೆ ಹಸಿರಾಯಿತು, ಎರಡೇ ಪದ ಬಂದವು: 'ಎದ್ದಿವೆ. ಹಸಿದಿವೆ.'

ಶಾಹೀನ ಮೇಡಂ ಪೂರ್ವಿಯನ್ನು ತಬ್ಬಿಕೊಂಡರು. ಚಿಕ್ಕತಾಯಿ ಹೋದ ಕಿವಿಯಪ್ಪನಿಗೂ ಇದ್ದ ಹೊಸಬನಿಗೂ ಒಟ್ಟಿಗೇ ಕೈಮುಗಿದಳು. ತಳಿ ಉಳಿಯಿತು. ಹಳದಿ ಗೂಡು ಕಟ್ಟುವ ಕಾಲ ಬಂದಾಗ ನಾನು ಒಂದು ಗೂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದೆ, ಒಳಗೆ ಜೀವ ಟಕ್ಕೆಂದಿತು.

ಆದರೆ ನಾನು ಹೇಳಬೇಕಾದ್ದು ಆ ಹಸಿರು ಪರದೆಯ ದಿನದ್ದೇ. ಅಷ್ಟು ದಿನದ ಮೇಲೆ ತಾಯಿ ಮಗಳು ಜೊತೆಯಾಗಿ ಮನೆಗೆ ಬಂದೆವು. ಲೋಕೇಶ ಸೊಪ್ಪಿನ ಗಾಡಿ ನಿಲ್ಲಿಸಿ ಬೇಗ ಬಂದು ಮುದ್ದೆ, ಉಪ್ಸಾರು ಮಾಡಿದ್ದರು. ಟೀವಿ ಸಣ್ಣಗೆ ಗೊಣಗುತ್ತಿತ್ತು. ಪೂರ್ವಿ ಸಾರಿಗೆ ಬೆರಳದ್ದಿ ನಾಲಿಗೆಗಿಟ್ಟು ಮುಖ ಹಿಂಡಿದಳು.

"ಅಪ್ಪಾ, ಇದೇನಪ್ಪ ಇದು, ಖಾರ ಇಲ್ಲ, ಉಪ್ಪಿಲ್ಲ! ಮೆಣಸಿನಕಾಯಿ ಎಲ್ಲಿಟ್ಟಿದೀಯ? ಆ ಟೀವಿ ಒಂದೋ ಆರ್ಸು, ಇಲ್ಲ ಜೋರಾಗಿ ಇಡು. ಅಮ್ಮಾ, ನಂಗೆ ಹೊಟ್ಟೆ ಚುರುಗುಟ್ತಿದೆ, ಎರಡು ಮುದ್ದೆ ಬೇಕು!"

ಲೋಕೇಶ ಸೌಟು ಹಿಡಿದುಕೊಂಡು ಗಾಬರಿಯಿಂದ ನನ್ನ ಮುಖ ನೋಡಿದರು. "ಏನಾಯ್ತೇ ಇವಳ್ಗೆ?" ಎಂದು ಪಿಸುಗುಟ್ಟಿದರು.

"ಏನೂ ಆಗಿಲ್ಲ. ಎದ್ದಿದಾಳೆ," ಎಂದೆ. "ಮಾತು ಆಮೇಲೆ, ಮೊದಲು ಬಡಿಸ್ರೀ."